ಹಗ್ಗಕ್ಕೊಪ್ಪುವ ಬಟ್ಟೆ

ಬಟ್ಟೆ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಸಂದರ್ಭ' ಎಂದು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಗಿರಾಕಿ ಬಾಗಿಲು ತಳ್ಳಿಕೊಂಡು ಒಳಗೆ ಬಂದರೆ ಸಾಕು, ಕುತ್ತಿಗೆಗೆ ಅಳತೆ ಟೇಪು ಇಳಿಬಿಟ್ಟುಕೊಂಡು ಎದುರು ನಿಂತು, "ಸಂದರ್ಭ ಏನು ಸಾರ್?" ಎನ್ನುತ್ತಿದ್ದ. ಬೇರೆ ಅಂಗಡಿಯವರು ಅಳತೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಇವನಿಗೆ ಅದೆಲ್ಲ ಚಿಲ್ಲರೆ ವಿಷಯ. ಮದುವೆಯೋ, ಕೋರ್ಟೋ, ಸಾವಿನ ಮನೆಯೋ, ಮುನಿಸಿಕೊಂಡ ಅಣ್ಣನ ಮನೆಗೆ ರಾಜಿಗೆ ಹೋಗುವುದೋ, ಅದೊಂದು ಹೇಳಿದರೆ ಮುಗಿಯಿತು, ಕಣ್ಣು ಮುಚ್ಚಿಕೊಂಡು ಬಟ್ಟೆ ಎಳೆಯುತ್ತಿದ್ದ. ತೊಡಿಸಿದ ಮೇಲೆ ಕಾಲರಿನೊಳಗೆ ಎರಡು ಬೆರಳು ತೂರಿಸಿ, "ಎರಡು ಬೆರಳು ಆಡಿದ್ರೆ ಮನುಷ್ಯ ಉಸಿರಾಡ್ತಾನೆ" ಎಂದು ತೀರ್ಪು ಕೊಡುತ್ತಿದ್ದ. ಕೆಲವು ಗಿರಾಕಿಗಳು ಅವನಿಗೆ ಹೆದರಿಯೇ ಕೊಂಡುಕೊಳ್ಳುತ್ತಿದ್ದರು.

ಇಂಥವನಿಗೆ ಇದ್ದ ರೋಗ ಒಂದೇ. 'ಗೊತ್ತಿಲ್ಲ' ಎನ್ನುವ ಮಾತು ಅವನ ನಾಲಗೆಯ ಮೇಲೆ ಹೊರಳುತ್ತಿರಲಿಲ್ಲ. ದಾರಿ ಕೇಳಿದವರನ್ನು ಊರೆಲ್ಲ ಸುತ್ತಿಸಿದ್ದಾನೆ, ಆದರೆ ಬರಿಗೈಯಲ್ಲಿ ಕಳಿಸಿದ್ದಿಲ್ಲ.

ಮಂಗಳವಾರ ಸಂಜೆ ಹೆಂಡತಿ ಅವನನ್ನು ಹಿಂದಿನ ಬಾಲ್ಕನಿಗೆ ಕರೆದು, ವಾಷಿಂಗ್ ಮೆಷಿನ್ನಿನ ಸ್ವಿಚ್ಚು ಒತ್ತಿದಳು. ಒಳಗೆ ಒಂದೇ ಒಂದು ಕರವಸ್ತ್ರ ಇತ್ತು. ಅವಳ ತಾಯಿ, ಎಂದರೆ ಇವನ ಅತ್ತೆ, ನಡುಮನೆಯಲ್ಲಿ ಕೂತಿದ್ದರು. ಆ ಮನೆಯಲ್ಲಿ ಗುಟ್ಟಿನ ಮಾತು ಆಡುವುದಿದ್ದರೆ ಮೆಷಿನ್ನು ತಿರುಗಲೇಬೇಕು.

"ಭಾನುವಾರ ಬೆಳಿಗ್ಗೆ ಒಂದು ಕ್ಲಾಸಿಗೆ ಹೆಸರು ಕೊಟ್ಟಿದ್ದೀನಿ. ನಿಮ್ಮದೂ ನನ್ನದೂ."

"ಯಾವ ಕ್ಲಾಸು?"

"ಹಗ್ಗ ಕಟ್ಟೋದು. ಜಪಾನಿನವರ ಕಲೆ."

"ಏನನ್ನ ಕಟ್ಟೋದು?"

"ಮನುಷ್ಯರನ್ನ," ಎಂದಳು ಅವಳು. "ನೀವು ಕಟ್ಟಬೇಕು. ನಾನು ಕಟ್ಟಿಸ್ಕೋಬೇಕು."

ಅವನು ಒಳಗೆ ಸುತ್ತುತ್ತಿದ್ದ ಕರವಸ್ತ್ರವನ್ನು ನೋಡಿದ. ಆಮೇಲೆ ಹಳೆಯ ರೋಗ ಕೆಲಸ ಮಾಡಿತು. "ಗೊತ್ತು ಗೊತ್ತು," ಎಂದ, "ಜಪಾನಿನೋರದ್ದು ತಾನೆ? ಭಾರೀ ನಾಜೂಕಿನ ಕೆಲಸ."

ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಒಬ್ಬಾಕೆ ನೆಲದ ಮೇಲೆ ಕೂತಿದ್ದಾಳೆ. ಎದೆಯ ಮೇಲೆ, ತೋಳಿನ ಸುತ್ತ, ಬೆನ್ನ ಹಿಂದೆ ಸಾಲುಸಾಲಾಗಿ ಹಗ್ಗ. ಕಣ್ಣು ಮುಚ್ಚಿದೆ. "ಹಗ್ಗ ನೋಡಬೇಡಿ, ಇವಳ ಮುಖ ನೋಡಿ," ಎಂದಳು ಹೆಂಡತಿ. "ಇವಳನ್ನ ಯಾರಾದ್ರೂ ಬಂದು ಫೈಲ್ ಎಲ್ಲಿ ಅಂತ ಕೇಳ್ತಾರಾ? ಕೇಳಿದ್ರೂ ಇವಳು ಎದ್ದು ಹೋಗಿ ಹುಡುಕೋಕಾಗುತ್ತಾ? ಆಫೀಸಲ್ಲಿ ನಾನೇ, ಮನೇಲಿ ನಾನೇ, ತಮ್ಮನ ಬೀಗದ ಕೈ ಕಳೆದ್ರೂ ನಾನೇ. ಒಂದು ಗಂಟೆ ನನ್ನ ಕೈಯಿಂದ ಯಾರೂ ಏನೂ ಮಾಡಿಸ್ಕೊಳ್ಳೋಕಾಗಬಾರದು ರೀ. ಅಷ್ಟೇ ನನಗೆ ಬೇಕಿರೋದು."

ಅವಳು ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟು. ಅವಳ ಕೈಕೆಳಗಿನವರು ತಮ್ಮ ಕೆಲಸವನ್ನು ಮಾತ್ರವಲ್ಲ, ತಮ್ಮ ತಲೆನೋವನ್ನೂ ಅವಳ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಅವಳು ಏನನ್ನಾದರೂ ತನಗಾಗಿ ಕೇಳಿದ್ದು ಇವನಿಗೆ ನೆನಪಿರಲಿಲ್ಲ. ಅದನ್ನು ಯೋಚಿಸಿ ಅವನಿಗೆ ನಾಚಿಕೆಯಾಯಿತು.

"ಒಂದು ಮಾತು. ಇದು ಅಮ್ಮನಿಗೆ ಗೊತ್ತಾಗಬಾರದು, ತಮ್ಮನಿಗೆ ಗೊತ್ತಾಗಬಾರದು, ನಿಮ್ಮ ಅಂಗಡಿಯಲ್ಲಂತೂ ಒಂದು ನೊಣಕ್ಕೂ ಗೊತ್ತಾಗಬಾರದು. ಗೊತ್ತಾದ್ರೆ ನಾನು ಹೋಗಲ್ಲ. ಇನ್ನೊಂದು ಸಲ ಕೇಳೋದೂ ಇಲ್ಲ."

"ನನ್ನ ಬಾಯಿಗೆ ಬೀಗ."

"ಮತ್ತೆ ಬಟ್ಟೆ ನೀವೇ ಆರಿಸಿ. ಏನು ಹಾಕ್ಕೊಂಡು ಬರಬೇಕು ಅಂತ ಟೀಚರ್ ಹೇಳೋಕೆ ಬಂದ್ರು, ನಾನೇ ತಡೆದೆ. ನಮ್ಮೆಜಮಾನ್ರು ಇದ್ದಾರೆ, ಬಟ್ಟೆ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ ಸಂದರ್ಭ ಅನ್ನೋದೇ ಇಲ್ಲ ಅಂದೆ."

ಮೆಷಿನ್ನು ನಿಂತಿತು. ತನ್ನ ಹೆಂಡತಿ ಟೀಚರ ಎದುರು ತನ್ನ ಬಗ್ಗೆ ಜಂಭ ಕೊಚ್ಚಿಕೊಂಡಿದ್ದಾಳೆ ಎಂಬುದು ಎಷ್ಟು ಸಂತೋಷದ ವಿಷಯವೋ, ಜಂಭ ಕೊಚ್ಚಿದ್ದು ಸುಳ್ಳು ಎಂಬುದು ಅಷ್ಟೇ ಭಯದ ವಿಷಯವಾಗಿತ್ತು.

ಅವನು ಬುಧವಾರದಿಂದ ಯೋಚನೆಗೆ ಬಿದ್ದ. ಜಪಾನು ಎಂದರೆ ರೇಷ್ಮೆ, ಅಗಲ ತೋಳು, ಸೊಂಟಕ್ಕೆ ಪಟ್ಟಿ. ಇದು ಮೊದಲನೆಯ ತರ್ಕ. ಅಂಗಡಿಯಿಂದ ಒಂದು ರೇಷ್ಮೆ ಗೌನು ತಂದು, ಊಟದ ಮೇಜಿನ ಕುರ್ಚಿಗೆ ತೊಡಿಸಿ, ಪರದೆಯ ಹಗ್ಗ ಬಿಚ್ಚಿ ಸುತ್ತಿದ. ಹಗ್ಗ ಸರ್ರನೆ ಜಾರಿ ಕುರ್ಚಿಯ ಕಾಲಿಗೆ ಬಂದು ಕೂತಿತು. ಮತ್ತೆ ಬಿಗಿದ. ಅಗಲ ತೋಳೆಲ್ಲ ಹಗ್ಗದಡಿ ಮುದ್ದೆಯಾಗಿ, ಕುರ್ಚಿಗೆ ಹುಣ್ಣಾದ ಹಾಗೆ ಕಾಣಿಸಿತು. ಅಷ್ಟರಲ್ಲಿ ಅತ್ತೆ ಕನ್ನಡಕ ಹುಡುಕುತ್ತ ಬಂದರು.

"ಕುರ್ಚಿಗೆ ಏನಾಗಿದೆ ಅಳಿಯಂದಿರೇ?"

"ಅಲ್ಲಾಡ್ತಾ ಇತ್ತು ಅತ್ತೆ. ಬಿಗಿ ಮಾಡ್ತಿದ್ದೆ."

"ಗೌನು ಯಾಕೆ?"

"ಹಗ್ಗದ ಕಲೆ ಆಗಬಾರದು ಅಂತ."

ಅತ್ತೆ ಆ ಕುರ್ಚಿಯಲ್ಲಿ ಮತ್ತೆ ಕೂರಲಿಲ್ಲ. ಮಗಳಿಗೆ ಮಾತ್ರ, "ನಿನ್ನ ಗಂಡನಿಗೆ ಸ್ವಲ್ಪ ನಿದ್ದೆ ಕಡಿಮೆ ಆದಂಗಿದೆ, ನೋಡ್ಕೋ" ಎಂದರು. ಅದನ್ನೂ ಅವಳೇ ನೋಡಿಕೊಳ್ಳಬೇಕಾಯಿತು.

ಗುರುವಾರ, ಶುಕ್ರವಾರ ಎರಡು ದಿನ ಅವನು ಗಿರಾಕಿಗಳಿಗೆ ಸಂದರ್ಭ ಕೇಳುವುದನ್ನೇ ಮರೆತ. ಒಬ್ಬ ವರನಿಗೆ ಕಪ್ಪು ಕೋಟು ತೊಡಿಸಿ ಸಂತಾಪ ಹೇಳುವುದೊಂದು ಬಾಕಿ. ಟೀಚರಿಗೆ ಒಂದು ಫೋನು ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಫೋನು ಮಾಡಿ ಕೇಳುವುದೆಂದರೆ ಹೆಂಡತಿಯ ಮಾತನ್ನು ಸುಳ್ಳು ಮಾಡುವುದು. ಅದಕ್ಕಿಂತ ಬಾವಿಗೆ ಹಾರುವುದು ಮೇಲು ಎನಿಸಿತು ಅವನಿಗೆ.

ಶನಿವಾರ ಬಂದೇ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಖಾಲಿ. ಕ್ಯಾಷಿಯರಮ್ಮ ಡಬ್ಬಿ ಬಿಚ್ಚಿದ್ದರು. ಮಾಲೀಕರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಸಂದರ್ಭ ಗೋದಾಮಿನಿಂದ ಮೂಟೆ ಕಟ್ಟುವ ಸೆಣಬಿನ ಹಗ್ಗ ಒಂದು ಸುರುಳಿ ಎತ್ತಿಕೊಂಡು, ತೋಳಿನ ಮೇಲೆ ನಾಲ್ಕೈದು ಬಟ್ಟೆ ಹಾಕಿಕೊಂಡು, ಕೊನೆಯ ಟ್ರಯಲ್ ರೂಮಿಗೆ ನುಗ್ಗಿ ಚಿಲಕ ಹಾಕಿದ. ಕುರ್ಚಿಯ ಮೇಲೆ ನೋಡಿದ್ದಾಯಿತು, ಇನ್ನು ಮೈಮೇಲೆ ನೋಡದೆ ಗತಿಯಿಲ್ಲ. ಹಗ್ಗ ಗಟ್ಟಿ, ಆದ್ದರಿಂದ ಬಟ್ಟೆಯೂ ಗಟ್ಟಿ ಇರಬೇಕು. ಇದು ಎರಡನೆಯ ತರ್ಕ. ದಪ್ಪ ಅಂಗಿ, ಜೀನ್ಸು, ಮೇಲೆ ಜಿಪ್ಪಿನ ಜಾಕೆಟ್ಟು ಏರಿಸಿ, ಚಿತ್ರದಲ್ಲಿ ಕಂಡ ಹಾಗೆ ಎದೆಗೆ ಹಗ್ಗ ಸುತ್ತಿ, ತುದಿಯನ್ನು ಬಟ್ಟೆ ತೂಗುಹಾಕುವ ಕೊಕ್ಕೆಗೆ ಸಿಕ್ಕಿಸಿ, ತಾನೇ ಬುಗುರಿಯಂತೆ ತಿರುಗಿದ. ಹಗ್ಗ ಬಿಗಿಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ನಡೆಯುತ್ತಿರಲಿಲ್ಲ. ಚಿತ್ರದಲ್ಲಿ ಕೈ ಹಿಂದಕ್ಕಿತ್ತು ಎಂಬುದು ನೆನಪಾಗಿ, ಉಳಿದ ತುದಿಗೆ ಕುಣಿಕೆ ಮಾಡಿ, ಎರಡೂ ಕೈ ಹಿಂದಕ್ಕೆ ತೂರಿಸಿ ಎಳೆದ.

ಅವನಿಗೆ ಬರುತ್ತಿದ್ದದ್ದು ಒಂದೇ ಗಂಟು, ಗೋದಾಮಿನ ಮೂಟೆ ಗಂಟು. ಎಳೆದಷ್ಟೂ ಬಿಗಿಯುವುದು ಅದರ ಧರ್ಮ. ಬಿಚ್ಚುವುದಕ್ಕೆ ಯಾರೂ ಅದನ್ನು ಹಾಕುವುದಿಲ್ಲ, ಕತ್ತರಿಸುವುದೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವರ ಮಾತು ಎಲ್ಲರೂ ಕೇಳಿದ್ದಾರೆ. ಕಟ್ಟಲು ಇನ್ನೊಬ್ಬನೂ ಬೇಡವಾದದ್ದು ಇವನ ವಿಷಯದಲ್ಲೇ. ಬಿಡಿಸಿಕೊಳ್ಳಲು ಹೋಗಿ ಕಾಲು ತೊಡರಿತು, ಕೊಕ್ಕೆ ಕಿತ್ತು ಬಂತು, ಚಿಲಕ ಹಾರಿತು. ಸಂದರ್ಭ ಬಾಗಿಲ ಸಮೇತ ಹೊರಗೆ ಉರುಳಿ, ಮೂಟೆಯಾಗಿ ಕ್ಯಾಷಿಯರಮ್ಮನ ಕಾಲ ಬಳಿ ಬಂದು ಬಿದ್ದ.

ಕ್ಯಾಷಿಯರಮ್ಮ ಒಂದು ಕ್ಷಣ ನೋಡಿದರು. ಆಮೇಲೆ ಅವರು ಕೂಗಿದ ಕೂಗಿಗೆ ಬೀದಿಯ ಆಚೆ ಬದಿಯ ಔಷಧಿ ಅಂಗಡಿಯವನು ಷಟರ್ ಎಳೆದ.

"ಕಳ್ಳರು! ಅಯ್ಯೋ, ನಮ್ಮ ಸಂದರ್ಭನ್ನ ಕಟ್ಟಿ ಹಾಕಿಬಿಟ್ಟಿದ್ದಾರೆ!"

ಮಾಲೀಕರು ಎದ್ದವರೇ ಮೊದಲು ಗಲ್ಲಾ ಮುಟ್ಟಿ ನೋಡಿ, ಆಮೇಲೆ ಪೊಲೀಸರಿಗೆ, ಅದಾದ ಮೇಲೆ ಸಂದರ್ಭನ ಮನೆಗೆ ಫೋನು ಮಾಡಿದರು. ಕೊನೆಗೆ ಸಂದರ್ಭನ ಕಡೆ ತಿರುಗಿ, "ಏನಪ್ಪಾ, ಜೀವ ಇದೆಯಾ?" ಎಂದರು. ಅವನು ಬಾಯಿ ತೆರೆದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹೊಳೆದು ಮುಚ್ಚಿಕೊಂಡ. ಕ್ಯಾಷಿಯರಮ್ಮ ಅದನ್ನು ಆಘಾತ ಎಂದು ತಿಳಿದು ನೀರು ಕುಡಿಸಿದರು.

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಹಗ್ಗ ಕತ್ತರಿಸುವಾಗ, ಅಷ್ಟು ಗಾಬರಿಯಲ್ಲೂ ಅವನ ತಲೆಯೊಳಗಿನ ಬಟ್ಟೆ ಅಂಗಡಿ ಮಾತ್ರ ತೆರೆದೇ ಇತ್ತು. ಅಂಗಿಯ ಗುಂಡಿ ಒಂದೊಂದೂ ಎದೆಯ ಮೂಳೆಗೆ ಮುದ್ರೆ ಒತ್ತಿದೆ. ಗುಂಡಿ ಇರಬಾರದು. ಜಿಪ್ಪು ಗೀರಿದೆ. ಜಿಪ್ಪು ಬೇಡ. ಬೆಲ್ಟಿನ ಕೊಂಡಿ ಹೊಟ್ಟೆಯಲ್ಲಿ ಕೂತಿದೆ, ಗಡಿಯಾರ ಮಣಿಕಟ್ಟಿನಲ್ಲಿ ಕೂತಿದೆ. ಎಲ್ಲಕ್ಕಿಂತ ಉರಿಯುತ್ತಿರುವುದು ಜೀನ್ಸಿನ ಪಕ್ಕದ ಹೊಲಿಗೆ. ದಪ್ಪ ಬಟ್ಟೆ ಕಾಪಾಡುವುದಿಲ್ಲ, ಮಡಿಕೆ ಬಿದ್ದು ಚುಚ್ಚುತ್ತದೆ. ಮೆತ್ತಗಿರಬೇಕು, ಮೈಗೆ ಅಂಟಿರಬೇಕು, ಎಳೆದರೆ ಬರಬೇಕು. "ಹತ್ತಿ," ಎಂದು ಅವನು ನಿಟ್ಟುಸಿರು ಬಿಟ್ಟ. "ಹೆಣಿಗೆಯ ಹತ್ತಿ, ಬನಿಯನ್ನಿನ ಬಟ್ಟೆ."

"ಏನೋ ಹೇಳ್ತಿದ್ದಾನೆ, ಬರ್ಕೊಳ್ಳಿ!" ಎಂದರು ಮಾಲೀಕರು. ಅಷ್ಟರಲ್ಲಿ ಇನ್‌ಸ್ಪೆಕ್ಟರು ಒಬ್ಬ ಕಾನ್‌ಸ್ಟೇಬಲ್ ಸಮೇತ ಬಂದು ನಿಂತಿದ್ದರು.

ಇನ್‌ಸ್ಪೆಕ್ಟರು ನಿಧಾನದ ಮನುಷ್ಯ. ನಿಧಾನದ ಮನುಷ್ಯರಿಗೇ ಹೆಚ್ಚು ಹೆದರಬೇಕು. ಅವರು ಕತ್ತರಿಸಿದ ಹಗ್ಗ ಎತ್ತಿ, ಗಂಟನ್ನು ಬೆಳಕಿಗೆ ಹಿಡಿದರು.

"ಏನು ಹೋಗಿದೆ?"

"ಏನೂ ಹೋಗಿಲ್ಲ ಸಾರ್," ಎಂದರು ಮಾಲೀಕರು.

"ಹಗ್ಗ ಯಾರದ್ದು?"

"ನಮ್ಮದೇ."

"ಗಂಟು?"

ಮಾಲೀಕರು ಕನ್ನಡಕ ಏರಿಸಿ ನೋಡಿ ಬಿಳಿಚಿಕೊಂಡರು. "ಇದೂ... ನಮ್ಮದೇ ಸಾರ್. ನಮ್ಮ ಗೋದಾಮಿನ ಗಂಟು."

"ಹಾಗಾದ್ರೆ ಕಳ್ಳ ಒಳಗಿನವನೇ," ಎಂದರು ಇನ್‌ಸ್ಪೆಕ್ಟರು, ಸಮಾಧಾನವಾಗಿ. "ಷಟರ್ ಹಾಕಿ. ಗೋದಾಮಿನಲ್ಲಿ ಕೆಲಸ ಮಾಡೋರು ಯಾರ್ಯಾರು?"

ಗೋದಾಮಿನ ಮುದುಕ ಊಟದ ಕೈಯಲ್ಲೇ ಮೂಲೆಯಲ್ಲಿ ನಿಂತಿದ್ದ. ಆ ಗಂಟನ್ನು ಸಂದರ್ಭನಿಗೆ ಕಲಿಸಿದವನೇ ಅವನು. ಸಂದರ್ಭನಿಗೆ ಸಂಕಟವಾಯಿತು. ತನ್ನ ಹೆಂಡತಿಯ ಗುಟ್ಟು ಉಳಿಯಬೇಕು, ಮುದುಕನೂ ಉಳಿಯಬೇಕು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಅವನಲ್ಲ ಸಾರ್!" ಎಂದುಬಿಟ್ಟ. "ಹೊರಗಿನವನು. ನಾನು ನೋಡಿದ್ದೀನಿ."

"ಮುಖ ಹೇಗಿತ್ತು?"

ಸಂದರ್ಭ ಜನ್ಮದಲ್ಲಿ ಯಾರ ಮುಖವನ್ನೂ ನೋಡಿದವನಲ್ಲ. "ಮುಖ ಗೊತ್ತಾಗಲಿಲ್ಲ ಸಾರ್. ಬಟ್ಟೆ ಹೇಳ್ತೀನಿ."

"ಹೇಳಿ."

ಬಟ್ಟೆ ಎಲ್ಲಿಂದ ತರುವುದು? ಅವನ ಕಣ್ಣು ಗಾಬರಿಯಲ್ಲಿ ಸುತ್ತಿ, ಇನ್‌ಸ್ಪೆಕ್ಟರ ಭುಜದಾಚೆ ಗಾಜಿನ ಕಿಟಕಿಯಲ್ಲಿ ನಿಂತಿದ್ದ ಗೊಂಬೆಯ ಮೇಲೆ ಕೂತಿತು. "ಸಾಸಿವೆ ಬಣ್ಣದ ಅಂಗಿ," ಎಂದು ಓದತೊಡಗಿದ. "ಜೇಬಿಗೆ ಹಸಿರು ಪಟ್ಟಿ. ನೇರಳೆ ಪ್ಯಾಂಟು. ಮಡಿಚಿದ ತೋಳು. ಕುತ್ತಿಗೆಗೆ ಚುಕ್ಕಿ ಚುಕ್ಕಿ ಸ್ಕಾರ್ಫು." ಹೇಳುತ್ತ ಹೇಳುತ್ತ ಅವನ ದನಿಗೆ ಬಲ ಬಂತು, ಯಾಕೆಂದರೆ ಆ ಜೋಡಿ ಅವನೇ ಕೂಡಿಸಿದ್ದು. "ಬಹಳ ಒಳ್ಳೆಯ ಅಭಿರುಚಿ ಸಾರ್, ಕಳ್ಳನಾದ್ರೂ."

ಕಾನ್‌ಸ್ಟೇಬಲ್ ಬರೆದುಕೊಂಡ. ಗೊಂಬೆಗೆ ಬೆನ್ನು ಹಾಕಿ ನಿಂತಿದ್ದರಿಂದ ಯಾರಿಗೂ ಏನೂ ತೋಚಲಿಲ್ಲ. ಸಂದರ್ಭ ನೆಮ್ಮದಿಯ ಉಸಿರು ಬಿಟ್ಟ. ಅಂಥ ಬಣ್ಣದ ಜೋಡಿಯನ್ನು ಊರಿನಲ್ಲಿ ಯಾವ ಬುದ್ಧಿವಂತನೂ ಹಾಕುವುದಿಲ್ಲ, ಆದ್ದರಿಂದ ಯಾರೂ ಸಿಕ್ಕಿಬೀಳುವುದಿಲ್ಲ. ಆ ಜೋಡಿ ಇಡೀ ತಿಂಗಳಲ್ಲಿ ಒಂದೇ ಒಂದು ಮಾರಾಟವಾಗಿತ್ತು. ಅದು ಯಾರಿಗೆ ಎಂಬುದು ಅವನಿಗೆ ನೆನಪಾದದ್ದು ಷಟರ್ ಬಡಿದ ಸದ್ದಾದಾಗ.

"ಭಾವಾ! ಭಾವಾ, ಬದುಕಿದ್ದೀರಾ?"

ಷಟರಿನಡಿ ಬಗ್ಗಿಕೊಂಡು ಒಳಗೆ ಬಂದವನು ಅವನ ಭಾಮೈದ, ಹೆಂಡತಿಯ ತಮ್ಮ. ಸಾಸಿವೆ ಬಣ್ಣದ ಅಂಗಿ. ಹಸಿರು ಪಟ್ಟಿ. ನೇರಳೆ ಪ್ಯಾಂಟು. ಚುಕ್ಕಿ ಸ್ಕಾರ್ಫು. ಭಾವ ಆರಿಸಿಕೊಟ್ಟದ್ದನ್ನು ಪ್ರಶ್ನೆ ಕೇಳದೆ ಹಾಕಿಕೊಳ್ಳುವ ಸಾಧು ಪ್ರಾಣಿ. ಅವನ ಹಿಂದೆ ಏದುಸಿರು ಬಿಡುತ್ತ ಅತ್ತೆ.

ಕಾನ್‌ಸ್ಟೇಬಲ್ ಬರೆದದ್ದನ್ನು ನೋಡಿದ, ಭಾಮೈದನನ್ನು ನೋಡಿದ, ಮತ್ತೆ ಬರೆದದ್ದನ್ನು ನೋಡಿದ. ಆಮೇಲೆ ಓದುವುದು ನಿಲ್ಲಿಸಿ ಹಾರಿದ.

"ಏನ್ರೀ ಇದು? ಕೈ ಬಿಡ್ರೀ! ಅಮ್ಮಾ!"

"ನನ್ನ ಮಗನ್ನ ಯಾಕಪ್ಪಾ ಹಿಡ್ಕೊಂಡ್ರಿ? ಅವನಿಗೆ ಇರುವೆ ಕಂಡ್ರೂ ಭಯ!"

"ಅಳಿಯನನ್ನ ಕಟ್ಟಿ ಹಾಕಿರೋನು ಇವನೇ ಅಮ್ಮ," ಎಂದರು ಇನ್‌ಸ್ಪೆಕ್ಟರು. "ನಿಮ್ಮ ಅಳಿಯನೇ ಗುರುತು ಹೇಳಿದ್ದು."

ಅತ್ತೆ ತಿರುಗಿ ಅಳಿಯನನ್ನು ನೋಡಿದರು. ಆ ನೋಟಕ್ಕೆ ಸೆಣಬಿನ ಹಗ್ಗವೇ ಎಷ್ಟೋ ವಾಸಿ ಎನಿಸಿತು. "ಭಾವ, ಹೇಳಿ ಭಾವ," ಎಂದು ಭಾಮೈದ ಅಳುವ ದನಿಯಲ್ಲಿ ಕೇಳಿದ. "ನಾನು ಬೆಳಿಗ್ಗೆಯಿಂದ ಅಮ್ಮನ ಜೊತೆ ಮನೇಲೇ ಇದ್ದೆ. ನಲ್ಲಿ ಸೋರ್ತಿತ್ತು, ಅಕ್ಕ ಬಂದು ನೋಡ್ಲಿ ಅಂತ ಕಾಯ್ತಾ ಕೂತಿದ್ದೆ."

ಒಂದು ಕಡೆ ಹೆಂಡತಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಹೆಂಡತಿಯ ತಮ್ಮ. ಅಡಕತ್ತರಿಗೆ ಸಿಕ್ಕ ಅಡಕೆಯ ಪಾಡು ಸಂದರ್ಭನದು. ಎರಡು ಅಲಗೂ ಹೆಂಡತಿಯವೇ.

ಅವಳು ಬಂದದ್ದು ಆಗಲೇ. ಆಫೀಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಷಟರ್ ದಾಟಿ ನೆಟ್ಟಗೆ ನಿಂತಳೋ ಇಲ್ಲವೋ, ಅಂಗಡಿಯಲ್ಲಿದ್ದ ಅಷ್ಟೂ ಜನರಿಗೆ ಒಮ್ಮೆಗೇ ನಿರಾಳವಾಯಿತು.

"ಅಕ್ಕಾ, ನೋಡಕ್ಕಾ!" ಎಂದು ತಮ್ಮ ತನ್ನ ಚೀಲವನ್ನು ಅವಳ ಕೈಗೆ ತುರುಕಿದ. "ಕನ್ನಡಕ ಹಿಡ್ಕೋ, ನನಗೆ ಕೈಕಾಲು ನಡುಗ್ತಿದೆ" ಎಂದು ಅತ್ತೆ ಕನ್ನಡಕದ ಡಬ್ಬಿ ಕೊಟ್ಟರು. ಮಾಲೀಕರು, "ಮೇಡಂ, ಈ ಬಾಗಿಲು ಮುರಿದದ್ದಕ್ಕೆ ಯಾರನ್ನ ಕೇಳಬೇಕು, ಸ್ವಲ್ಪ ಹೇಳಿ" ಎಂದು ಕಿತ್ತುಬಂದ ಕೊಕ್ಕೆಯನ್ನು ಅವಳ ಅಂಗೈಯಲ್ಲಿ ಇಟ್ಟರು. ಕೊನೆಗೆ ಇನ್‌ಸ್ಪೆಕ್ಟರು, ಅವಳು ಯಾರೆಂದು ತಿಳಿಯದೆಯೇ, "ಒಂಚೂರು ಇದನ್ನ ಹಿಡ್ಕೊಳ್ಳಮ್ಮ" ಎಂದು ಕತ್ತರಿಸಿದ ಹಗ್ಗವನ್ನು ಅವಳ ತೋಳಿಗೆ ಹಾಕಿ, ಜೇಬಿನಲ್ಲಿ ಪೆನ್ನು ಹುಡುಕತೊಡಗಿದರು.

ಅವಳು ಎಲ್ಲವನ್ನೂ ಹಿಡಿದುಕೊಂಡು ನಿಂತಳು. ಹಗ್ಗ ನೋಡಿದಳು. ಗಂಡನ ಮಣಿಕಟ್ಟಿನ ಗೀರು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. "ನಾನು ನೋಡ್ತೀನಿ, ಎಲ್ಲರೂ ಸುಮ್ನಿರಿ" ಎಂದಳು, ದಿನಾ ಹೇಳುವ ಅದೇ ದಣಿದ ದನಿಯಲ್ಲಿ.

ಆ ದನಿ ಸಂದರ್ಭನಿಗೆ ಮಂಗಳವಾರದ ಬಾಲ್ಕನಿಯನ್ನು ನೆನಪಿಸಿತು. ಇದನ್ನೂ ಅವಳೇ ನೋಡಬೇಕೆ?

"ನೀನು ಏನೂ ನೋಡಬೇಡ," ಎಂದು ಎದ್ದು ನಿಂತ. "ಸಾರ್, ಕಳ್ಳ ಇಲ್ಲ. ನನ್ನನ್ನ ನಾನೇ ಕಟ್ಕೊಂಡೆ. ಬಟ್ಟೆಯ ಗುರುತು ಆ ಗೊಂಬೆಯದ್ದು."

ಎಲ್ಲರೂ ತಿರುಗಿ ಗೊಂಬೆಯನ್ನು ನೋಡಿದರು. ಸಾಸಿವೆ ಅಂಗಿ, ಚುಕ್ಕಿ ಸ್ಕಾರ್ಫು. ಕಾನ್‌ಸ್ಟೇಬಲ್ ಭಾಮೈದನ ಕೈ ಬಿಟ್ಟ. ಭಾಮೈದ ಮೊದಲ ಬಾರಿಗೆ ತಾನು ಏನು ಹಾಕಿಕೊಂಡಿದ್ದೇನೆ ಎಂದು ಬಗ್ಗಿ ನೋಡಿಕೊಂಡ.

ಇನ್‌ಸ್ಪೆಕ್ಟರು ಹತ್ತಿರ ಬಂದರು. "ನಿಮ್ಮನ್ನ ನೀವೇ ಕಟ್ಕೊಂಡ್ರಿ."

"ಹೌದು ಸಾರ್."

"ಟ್ರಯಲ್ ರೂಮಲ್ಲಿ."

"ಹೌದು ಸಾರ್."

"ಸಂದರ್ಭ ಏನು?"

ಎಷ್ಟು ಜನರನ್ನು ಅವನು ಈ ಪ್ರಶ್ನೆ ಕೇಳಿದ್ದಾನೋ, ಅವರೆಲ್ಲ ಎಷ್ಟು ಸುಲಭವಾಗಿ ಉತ್ತರ ಕೊಟ್ಟಿದ್ದರು!

"ಅದನ್ನ ಹೇಳೋಕಾಗಲ್ಲ ಸಾರ್."

"ಯೋಚನೆ ಮಾಡಿ ಹೇಳಿ. ಸುಳ್ಳು ದೂರು, ಪೊಲೀಸರ ದಾರಿ ತಪ್ಪಿಸಿದ್ದು. ಹೇಳದಿದ್ರೆ ಠಾಣೆಗೆ ಬನ್ನಿ. ನಾಳೆ ಮಧ್ಯಾಹ್ನ ಸಾಹೇಬರು ಬಂದ ಮೇಲೇ ಬಿಡೋದು."

ನಾಳೆ ಮಧ್ಯಾಹ್ನ. ಬೆಳಿಗ್ಗೆ ಕ್ಲಾಸು. ಹೇಳಿದರೆ ಅವಳು ಹೋಗುವುದಿಲ್ಲ, ಹೇಳದಿದ್ದರೆ ಇವನು ಹೋಗುವುದಿಲ್ಲ. ಅವನು ಹೆಂಡತಿಯ ಕಡೆ ನೋಡಲೂ ಧೈರ್ಯ ಸಾಲದೆ, ಕುತ್ತಿಗೆಯ ಟೇಪು ತೆಗೆದು ಕೌಂಟರಿನ ಮೇಲೆ ಇಟ್ಟ. "ನಡೀರಿ ಸಾರ್, ಬರ್ತೀನಿ."

"ನಿಲ್ಲಿ," ಎಂದಳು ಹೆಂಡತಿ.

ಅವಳು ತಮ್ಮನ ಚೀಲವನ್ನು ತಮ್ಮನಿಗೆ ಕೊಟ್ಟಳು. ಅಮ್ಮನ ಡಬ್ಬಿಯನ್ನು ಅಮ್ಮನಿಗೆ ಕೊಟ್ಟಳು. ಕೊಕ್ಕೆಯನ್ನು ಮಾಲೀಕರ ಕೈಗಿಟ್ಟಳು. ಹಗ್ಗವನ್ನು ಮಾತ್ರ ಕೊಡಲಿಲ್ಲ. "ಸಂದರ್ಭ ನಾನು ಹೇಳ್ತೀನಿ. ನಾಳೆ ನಾವಿಬ್ಬರೂ ಒಂದು ಕ್ಲಾಸಿಗೆ ಹೋಗ್ತಿದ್ದೀವಿ. ಜಪಾನಿನವರ ಹಗ್ಗ ಕಟ್ಟೋ ಕಲೆ. ಅದಕ್ಕೆ ಯಾವ ಬಟ್ಟೆ ಸರಿ ಅಂತ ನೋಡೋಕೆ ಇವರು ಕಟ್ಕೊಂಡಿದ್ದಾರೆ. ಯಾರಿಗೂ ಹೇಳಬೇಡಿ ಅಂತ ನಾನೇ ಹೇಳಿದ್ದೆ."

ಕ್ಯಾಷಿಯರಮ್ಮ ಊಟದ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಇನ್‌ಸ್ಪೆಕ್ಟರ ಕೈಗೆ ಪೆನ್ನು ಸಿಕ್ಕಿತ್ತು, ಆದರೆ ಏನು ಬರೆಯಬೇಕೆಂಬುದು ಸಿಕ್ಕಿರಲಿಲ್ಲ.

ಅತ್ತೆಯೇ ಬಾಯಿ ತೆರೆದರು. "ಯಾರು ಯಾರನ್ನ ಕಟ್ಟೋದು?"

"ಇವರು ನನ್ನನ್ನ."

"ಈ ಅಳಿಯಂದಿರಾ? ಇವರಿಗೆ ಷೂ ಲೇಸು ಕಟ್ಟೋಕೆ ಬರಲ್ಲವಲ್ಲೇ!"

"ಅದಕ್ಕೇ ಅಮ್ಮ ಕ್ಲಾಸು."

"ಅಲ್ಲ ಕಣೇ, ಕಟ್ಟಿಸ್ಕೊಂಡು ನೀನೇನು ಮಾಡ್ತೀಯಾ?"

"ಏನೂ ಮಾಡಲ್ಲ," ಎಂದಳು ಮಗಳು. ಅವಳ ದನಿ ಸ್ವಲ್ಪ ಒಡೆಯಿತು. "ಅದೇ ಅಮ್ಮ. ಏನೂ ಮಾಡಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಮಗಳ ಮುಖವನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ, "ಆಯ್ತಲ್ಲಪ್ಪ, ಸಂದರ್ಭ ಹೇಳಿದ್ಲು. ಗಂಡ ಹೆಂಡಿರ ಕಟ್ಟು, ಕಟ್ಕೋತಾರೆ, ಬಿಚ್ಕೋತಾರೆ. ನೀವು ಯಾಕೆ ನಡುವೆ?" ಎಂದರು.

ಇನ್‌ಸ್ಪೆಕ್ಟರು ಕೆಮ್ಮಿ, ಬರೆದ ಹಾಳೆಯನ್ನು ಹರಿದರು. ಇನ್ನೊಮ್ಮೆ ಹೀಗಾದರೆ ಕಠಿಣ ಕ್ರಮ ಎಂದು ಗೊಂಬೆಯನ್ನು ನೋಡುತ್ತ ಹೇಳಿ ಹೊರಟರು. ಕ್ಯಾಷಿಯರಮ್ಮ ಮಾತ್ರ ಸಂದರ್ಭನ ಹತ್ತಿರ ಬಂದು, "ಆ ಕ್ಲಾಸಲ್ಲಿ ಜಾಗ ಇದೆಯಾ ಕೇಳಿ. ನಮ್ಮನೆಯವರಿಗೆ ಗಂಟು ಹಾಕೋದು ಚೆನ್ನಾಗಿ ಬರುತ್ತೆ" ಎಂದು ಪಿಸುಗುಟ್ಟಿದರು.

ಮನೆಯ ಮೆಟ್ಟಿಲ ಬಳಿ ಸಂದರ್ಭ ಹೆಂಡತಿಯನ್ನು ಕೇಳಿದ. "ಗೊತ್ತಾಗಿಬಿಟ್ಟಿತು. ನಾಳೆ ಹೋಗಲ್ವಾ?"

"ಬಟ್ಟೆ ಸಿಕ್ತಾ?" ಎಂದಳು ಅವಳು.

"ಸಿಕ್ತು."

"ಹಾಗಾದ್ರೆ ಹೋಗೋಣ."

ಭಾನುವಾರ ಬೆಳಿಗ್ಗೆ ಮಹಡಿಯ ಮೇಲಿನ ಆ ಕೋಣೆಯಲ್ಲಿ ಚಾಪೆ ಹಾಸಿತ್ತು. ಹಗ್ಗದ ಟೀಚರು, ತಲೆ ನರೆತ ಗಂಭೀರ ಹೆಂಗಸು, ಇವರನ್ನು ಮೇಲಿಂದ ಕೆಳಗೆ ನೋಡಿದರು. ಹೆಂಡತಿ ಹಾಕಿಕೊಂಡಿದ್ದದ್ದು ಅವಳದೇ ಹಳೆಯ, ಒಗೆದು ಒಗೆದು ಮೆತ್ತಗಾದ ಹೆಣಿಗೆಯ ಹತ್ತಿ ಅಂಗಿ, ಉದ್ದ ತೋಳು, ಮೈಗಂಟಿದ ಅಂಥದೇ ಪ್ಯಾಂಟು. ಗುಂಡಿಯಿಲ್ಲ, ಜಿಪ್ಪಿಲ್ಲ. ಉಂಗುರ, ಗಡಿಯಾರ, ಓಲೆ ಎಲ್ಲ ಮನೆಯಲ್ಲೇ.

"ಉಲ್ಟಾ ಹಾಕ್ಕೊಂಡಿದ್ದೀರಲ್ಲ?" ಎಂದರು ಟೀಚರು.

"ಹೊಲಿಗೆ ಹೊರಗಿದ್ರೆ ಮೈಗೆ ಒತ್ತಲ್ಲ ಅಂತ," ಎಂದ ಸಂದರ್ಭ, ಪಕ್ಕೆ ಮುಟ್ಟಿಕೊಂಡು. "ಲೇಬಲ್ಲೂ ಬಿಚ್ಚಿದ್ದೀನಿ."

ಟೀಚರು ಒಂದು ಸಲ ತಲೆಯಾಡಿಸಿದರು. ಆಮೇಲೆ, "ನಿಮ್ಮ ಕುತ್ತಿಗೆಯಲ್ಲಿ ಟೇಪು ಯಾಕೆ?" ಎಂದರು. ಅವನು ನಾಚಿ ತೆಗೆದಿಟ್ಟ. ಎಲ್ಲ ಸಂದರ್ಭಕ್ಕೂ ಸಿದ್ಧನಾದವನು ತನ್ನನ್ನು ಮಾತ್ರ ಮರೆತುಬಿಟ್ಟಿದ್ದ.

ಮೂಟೆ ಗಂಟು ಮರೆಯಲು ಅವನಿಗೆ ಬಹಳ ಕಷ್ಟವಾಯಿತು. ಟೀಚರು ತೋರಿಸಿದ್ದು ಎಳೆದರೆ ಬಿಗಿಯದ, ಒಂದೇ ಬಾರಿಗೆ ಬಿಚ್ಚಿಕೊಳ್ಳುವ ಗಂಟು. ಆದರೆ "ಹಗ್ಗದಡಿ ಎಷ್ಟು ಜಾಗ ಬಿಡಬೇಕು ಗೊತ್ತಾ?" ಎಂದು ಅವರು ಕೇಳುವ ಮೊದಲೇ ಅವನ ಎರಡು ಬೆರಳು ತಾವಾಗಿ ಹಗ್ಗದಡಿ ತೂರಿ ಆಡುತ್ತಿದ್ದವು. ಕೊನೆಯ ಸುತ್ತು ಮುಗಿದಾಗ ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳ ಹುಬ್ಬಿನ ನಡುವಿನ ಗೆರೆ ಮಾಯವಾಗಿತ್ತು. ಆ ಗೆರೆ ಅವಳ ಮುಖದ್ದೇ ಎಂದು ಅವನು ಇಷ್ಟು ವರ್ಷ ತಿಳಿದಿದ್ದ.

ಆಗ ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಅವಳ ಹುಬ್ಬು ಅಲುಗಿತು. ಸಂದರ್ಭ ಹಾರಿ ಹೋಗಿ ಎತ್ತಿಕೊಂಡ.

"ಅಳಿಯಂದಿರೇ, ಅವಳಿಗೆ ಕೊಡಿ," ಎಂದರು ಅತ್ತೆ ಆ ಕಡೆಯಿಂದ. "ನಲ್ಲಿ ಈಗ ಜೋರಾಗಿಯೇ ಸೋರ್ತಿದೆ. ತಮ್ಮನೂ ಇಲ್ಲೇ ಇದ್ದಾನೆ, ಏನು ಮಾಡೋದು ಅಂತ ಕೇಳ್ತಿದ್ದಾನೆ."

ಜನ್ಮದಲ್ಲಿ ಒಮ್ಮೆಯೂ ಆಡದ ಮಾತು ಅವನ ನಾಲಗೆಯ ತುದಿಗೆ ಬಂತು. "ಏನು ಮಾಡೋದು ಅಂತ ನನಗೆ ಗೊತ್ತಿಲ್ಲ ಅತ್ತೆ. ಅವಳಿಗೆ ಕೊಡೋಕೆ ಆಗಲ್ಲ. ಅವಳ ಕೈ ಕಟ್ಟಿದ್ದೀನಿ."

ನೀರಿನ ಸದ್ದಿನ ನಡುವೆ ಅತ್ತೆ ಕೇಳಿದರು.

"ಏನು ಮಾಡ್ತಿದ್ದಾಳೆ?"

ಅವನು ತಿರುಗಿ ನೋಡಿದ. "ನಿದ್ದೆ ಮಾಡ್ತಿದ್ದಾಳೆ ಅತ್ತೆ."

"ಹಗಲು ಹೊತ್ತಲ್ಲಾ? ಚಿಕ್ಕವಳಿದ್ದಾಗ ಮಾಡ್ತಿದ್ಲು," ಎಂದರು ಅತ್ತೆ. ಆಮೇಲೆ ಫೋನಿನಿಂದ ಬಾಯಿ ಪಕ್ಕಕ್ಕೆ ಸರಿಸಿ ಮಗನಿಗೆ ಕೂಗಿದ್ದು ಇವನಿಗೂ ಕೇಳಿಸಿತು. "ಏಯ್, ಬಕೆಟ್ ತಗೊಂಡು ಬಾರೋ. ನಿನಗೆ ಕೈ ಇಲ್ವಾ?" ಮತ್ತೆ ಫೋನಿಗೆ ಬಂದು, ದನಿ ತಗ್ಗಿಸಿ ಹೇಳಿದರು. "ಅಳಿಯಂದಿರೇ, ಅವಸರ ಮಾಡಬೇಡಿ. ನಿಧಾನಕ್ಕೆ ಬಿಚ್ಚಿ."